ಕಪಾಟಿನ ಸಂಶೋಧನೆಯನ್ನು ಬೀದಿಗೆ ತನ್ನಿ!

(ಕೂಡಲಸಂಗಮದಲ್ಲಿ ಸೇರಿದ್ದ ಕನ್ನಡ ಯುವಜನರ ಮುಂದೆ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಆಡಿದ ಮಾತುಗಳ ಬರಹರೂಪ)



ಬೆಂಗಳೂರಿನಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದಿದ್ದೀರಿ. ಮೈಸೂರು, ಹುಬ್ಬಳ್ಳಿಯಿಂದ ಬಂದವರೂ ಇದ್ದೀರಿ. ನಿದ್ದೆಗಣ್ಣಿನಲ್ಲೇ ಸಂಗಮಕ್ಕೆ ಹೋಗಿ ಕಾಲು ತೊಳೆದುಕೊಂಡು, ಐಕ್ಯ ಮಂಟಪ ನೋಡಿ, ನಾಲ್ಕು ಸೆಲ್ಫಿ ತೆಗೆದು, ಅದನ್ನು ಆಗಲೇ ಫೇಸ್‌ಬುಕ್ಕಿಗೋ ಇನ್‌ಸ್ಟಾಗ್ರಾಮಿಗೋ ಏರಿಸಿಯೂ ಆಗಿದೆ ಅಂತ ಕೇಳಿದೆ. ಸಂತೋಷ. ಬೈಯುವುದಕ್ಕೆ ನಾನು ಬಂದಿಲ್ಲ. ನಾನು ಮಾತಾಡಬೇಕೆಂದು ಬಂದಿರುವುದೂ ನಿಮ್ಮ ಕೈಯಲ್ಲಿರುವ ಆ ಮೊಬೈಲಿನ ಬಗ್ಗೆಯೇ.

ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಐಕ್ಯ ಮಂಟಪ ನೋಡಲು ಮೆಟ್ಟಿಲಿಳಿದು ಬಾವಿಯಂಥ ಜಾಗಕ್ಕೆ ಹೋದಿರಲ್ಲ, ಯಾಕೆ ಹಾಗೆ ಇಳಿಯಬೇಕಾಯಿತು ಅಂತ ಯಾರಾದರೂ ಯೋಚಿಸಿದಿರಾ? ಕೃಷ್ಣೆ, ಮಲಪ್ರಭೆ ಕೂಡುವ ಈ ಜಾಗಕ್ಕೆ ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಬರುತ್ತದೆ. ಹಾಗೇ ಬಿಟ್ಟಿದ್ದರೆ ಮಂಟಪ ನೀರೊಳಗೆ ಹೋಗುತ್ತಿತ್ತು. ಅದು ಹೋಗಬಾರದು ಅಂತ ಸುತ್ತ ಎತ್ತರದ ಗೋಡೆ ಎಬ್ಬಿಸಿದರು. ಹೊರಗೆ ನೀರು, ಒಳಗೆ ಮಂಟಪ. ಕೃಷ್ಣಾ ಯೋಜನೆಯಲ್ಲಿ ಊರೂರುಗಳೇ ಮುಳುಗಿವೆ. ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ನೀರಿನ ಪಾಲಾಗಿವೆ. ಈ ಒಂದು ಚಿಕ್ಕ ಮಂಟಪಕ್ಕೆ ಮಾತ್ರ ಯಾಕೆ ಇಷ್ಟು ದೊಡ್ಡ ಗೋಡೆ? ಯಾಕೆಂದರೆ ಅದು ಏನು ಅಂತ ಎಲ್ಲರಿಗೂ ಗೊತ್ತಿತ್ತು. ದನ ಕಾಯುವ ಹುಡುಗನಿಗೂ ಗೊತ್ತಿತ್ತು, ಎಂಜಿನಿಯರಿಗೂ ಗೊತ್ತಿತ್ತು, ಮಂತ್ರಿಗೂ ಗೊತ್ತಿತ್ತು.

ಈಗ ಇನ್ನೊಂದು ಕಲ್ಲಿನ ಕಥೆ ಹೇಳುತ್ತೇನೆ. ಅದಕ್ಕೆ ಯಾವ ಅಣೆಕಟ್ಟಿನ ಭಯವೂ ಇರಲಿಲ್ಲ. ಒಣ ನೆಲದ ಮೇಲೆಯೇ ಇತ್ತು. ಆದರೂ ಹೋಯಿತು. ಹೋಗಿದ್ದು ನನ್ನಿಂದ.

ನಾನು ಇದೇ ಹುನಗುಂದ ಸೀಮೆಯವನು. 1990ರ ದಶಕದಲ್ಲಿ ಇಲ್ಲಿಯ ಶಾಸನಗಳು ಮತ್ತು ಊರ ಹೆಸರುಗಳ ಮೇಲೆ ಪಿಎಚ್.ಡಿ. ಮಾಡಿದೆ. ಆರು ವರ್ಷ ಹಿಡಿಯಿತು. ಮೊದಲು ಸೈಕಲ್ಲು, ಆಮೇಲೆ ಒಂದು ಹಳೇ ಲೂನಾ. ಕಾಲೇಜಿಗೆ ರಜೆ ಸಿಕ್ಕಿದಾಗಲೆಲ್ಲ ಹಳ್ಳಿ ಹಳ್ಳಿ ತಿರುಗಿದೆ. ಒಂದು ಊರಿನ ಕೆರೆಯ ಏರಿ ಪಕ್ಕದಲ್ಲಿ ಒಂದು ಕಲ್ಲು ಸಿಕ್ಕಿತು. ಊರ ಹೆಸರು ಬೇಡ, ಆ ಜನಕ್ಕೆ ಮುಜುಗರವಾಗುತ್ತದೆ. ಹೆಣ್ಣುಮಕ್ಕಳು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಲ್ಲಿ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆದೆ. ಕೊನೆಯ ನಾಲ್ಕು ಸಾಲು ಸವೆದಿತ್ತು. ಉಳಿದದ್ದು ಓದಲು ಬಂತು. ಆ ಕೆರೆಯ ಹೂಳು ತೆಗೆಸುವುದಕ್ಕೆ, ಏರಿ ಕಾಯುವುದಕ್ಕೆ ಅಂತ ಒಬ್ಬ ಗಾವುಂಡ ಇಂತಿಷ್ಟು ಮತ್ತರು ಭೂಮಿ ಬಿಟ್ಟಿದ್ದ. ಅಂದರೆ ಆ ಊರಿನ ಜನ ತಮ್ಮ ಕೆರೆಯನ್ನು ಹೇಗೆ ಕಾಪಾಡಿಕೊಂಡರು ಅನ್ನುವುದರ ಲೆಕ್ಕಪತ್ರ ಅದು. ಕನ್ನಡದಲ್ಲಿ ಬರೆದದ್ದು.

ನಾನು ಅದನ್ನು ಏನು ಮಾಡಿದೆ? ಮಹಾಪ್ರಬಂಧದ ಮೂರನೇ ಅಧ್ಯಾಯಕ್ಕೆ ಸೇರಿಸಿದೆ. ಐದು ಪ್ರತಿ ಟೈಪು ಮಾಡಿಸಿ, ರೆಕ್ಸಿನ್ ಬೈಂಡು ಹಾಕಿಸಿ, ಬಂಗಾರದ ಅಕ್ಷರದಲ್ಲಿ ಹೆಸರು ಅಚ್ಚು ಹಾಕಿಸಿದೆ. ಒಂದು ನನಗೆ, ಒಂದು ಮಾರ್ಗದರ್ಶಕರಿಗೆ, ಒಂದು ವಿಭಾಗಕ್ಕೆ, ಒಂದು ಗ್ರಂಥಾಲಯಕ್ಕೆ, ಇನ್ನೊಂದು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಹೆಸರಿನ ಹಿಂದೆ ಡಾಕ್ಟರ್ ಬಂತು. ಸಂಬಳದಲ್ಲಿ ಹೆಚ್ಚುವರಿ ಬಡ್ತಿ ಬಂತು. ಊರಲ್ಲಿ ಸನ್ಮಾನ, ಶಾಲು, ಹಣ್ಣಿನ ಬುಟ್ಟಿ. ಎಷ್ಟೋ ವರ್ಷದ ಮೇಲೆ ಗ್ರಂಥಾಲಯಕ್ಕೆ ಹೋದಾಗ ಕುತೂಹಲಕ್ಕೆ ನನ್ನದೇ ಪ್ರಬಂಧ ತೆಗೆದು ನೋಡಿದೆ. ಹಿಂದಿನ ಪುಟದಲ್ಲಿ ದಿನಾಂಕದ ಮುದ್ರೆ ಹಾಕುವ ಚೀಟಿ ಇರುತ್ತದಲ್ಲ, ಅದು ಬೆಳ್ಳಗೆ ಹಾಗೇ ಇತ್ತು. ಒಬ್ಬನೂ ತೆಗೆದುಕೊಂಡು ಹೋಗಿರಲಿಲ್ಲ.

ಅದೇ ವರ್ಷ ಆ ಊರಿಗೂ ಹೋದೆ. ಕಲ್ಲು ಇರಲಿಲ್ಲ. ಹುಡುಕಿ ಹುಡುಕಿ ಓಣಿಗೆ ಬಂದೆ. ಚರಂಡಿಯ ಮೇಲೆ ಚಪ್ಪಡಿ ಹೊದಿಸಿದ್ದರು. ಒಂದು ಚಪ್ಪಡಿಯ ಅಂಚಿನಲ್ಲಿ ತಲೆಕೆಳಗಾಗಿ ಅರ್ಧ ಸಾಲು ಕಂಡಿತು. ನನ್ನ ಕೈ ನಡುಗಿತು. ಅಲ್ಲೇ ಕಟ್ಟೆ ಮೇಲೆ ಕೂತಿದ್ದ ಹಿರಿಯರಿಗೆ ಜೋರು ಮಾಡಿದೆ. ಅವರು ಸಮಾಧಾನದಿಂದಲೇ ಹೇಳಿದರು: "ಮಾಸ್ತರ, ನೀವ್ ಅವತ್ತ ಮಸಿ ಹಚ್ಚಿ ಕಾಗದದಾಗ ಇಳಿಸ್ಕೊಂಡು ಹೋದ್ರಿ. ಅದ್ರಾಗ ಏನೈತಿ ಅಂತ ನಮಗ ಯಾರ್ ಹೇಳಿದ್ರು? ನಮ್ಮ ಕೆರಿ ಮಾತು ಅಂತ ಗೊತ್ತಿದ್ರ ನಾವು ಒಡೀತಿದ್ವೇನ್ರಿ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಇವತ್ತಿಗೂ ಇಲ್ಲ. ಅವರ ಕಲ್ಲಿನ ವಿಷಯ ಅವರಿಗೆ ಬಿಟ್ಟು ಐದು ರೆಕ್ಸಿನ್ ಬೈಂಡುಗಳಿಗೆ ಹೇಳಿದ್ದೆ ನಾನು.

ಇದು ನನ್ನೊಬ್ಬನ ಪಾಪ ಅಂತ ತಿಳಿಯಬೇಡಿ. ಬಾದಾಮಿಗೆ ಹೋಗಿದ್ದೀರಾ? ಕೆರೆಯ ಮೇಲಿನ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಕ್ರಿ.ಶ. 700ರದ್ದು. ಕನ್ನಡದ ತ್ರಿಪದಿ ನಮಗೆ ಸಿಗುವ ಅತಿ ಹಳೆಯ ಜಾಗ ಅದು. ನಮ್ಮ ಅಜ್ಜಿಯರು ಬೀಸುವಾಗ ಹಾಡುತ್ತಿದ್ದ ಮಟ್ಟಿನ ಮೂಲ ಪುರುಷ ಅಲ್ಲಿ ಕೂತಿದ್ದಾನೆ. ಅದನ್ನು ಓದಿ ಪ್ರಕಟಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ, 1881ರಲ್ಲಿ, ಮುಂಬಯಿಯ ಇಂಡಿಯನ್ ಆಂಟಿಕ್ವೆರಿ ಎಂಬ ಇಂಗ್ಲಿಷ್ ಪತ್ರಿಕೆಯಲ್ಲಿ. ಅವನ ವಿದ್ವತ್ತಿಗೆ ಕೈ ಮುಗಿಯೋಣ, ಅದು ಬೇರೆ ಮಾತು. ಆದರೆ ಬಂಡೆ ಬಾದಾಮಿಯಲ್ಲಿ, ಓದು ಮುಂಬಯಿ ಮತ್ತು ಲಂಡನ್ನಿನಲ್ಲಿ! ಬಂಡೆಯ ಕೆಳಗೆ ಕುರಿ ಮೇಯಿಸುತ್ತ ತ್ರಿಪದಿ ಹಾಡುತ್ತಿದ್ದವನಿಗೆ ತಲೆಯ ಮೇಲಿರುವುದೂ ತ್ರಿಪದಿಯೇ ಅಂತ ಯಾರೂ ಹೇಳಲಿಲ್ಲ. ಬ್ರಿಟಿಷರು ಹೋದರು. ಪದ್ಧತಿ ಹೋಯಿತಾ? ಇವತ್ತಿಗೂ ನಮ್ಮ ನೆಲದ, ನಮ್ಮ ಬೆಳೆಯ, ನಮ್ಮ ರೋಗದ ಮೇಲಿನ ಸಂಶೋಧನೆ ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ. ಓದಬೇಕೆಂದರೆ ನಮ್ಮ ಮೇಷ್ಟರುಗಳೇ ಎಷ್ಟೋ ಸಲ ಡಾಲರು ಕೊಡಬೇಕಾಗಿ ಬಂದಿದೆ. ಪತ್ರಿಕೆಗೆ ಇಷ್ಟು ಅಂಕ, ಸಮ್ಮೇಳನಕ್ಕೆ ಇಷ್ಟು ಅಂಕ ಅಂತ ಲೆಕ್ಕ ಹಾಕುತ್ತಾರೆ. ಜನಕ್ಕೆ ತಿಳಿಸಿದ್ದಕ್ಕೆ ಎಷ್ಟು ಅಂಕ ಅಂತ ಕೇಳಿ ನೋಡಿ, ನಗುತ್ತಾರೆ.

ಈ ಪದ್ಧತಿಗೆ ಸಡ್ಡು ಹೊಡೆದ ಒಬ್ಬ ಮನುಷ್ಯ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದ್ದ. ನೀವು ಇಲ್ಲಿಗೆ ಬಂದಿರುವುದೂ, ಈ ಸಂಗಮದ ಹೆಸರು ನಿಮ್ಮ ಬಾಯಲ್ಲಿರುವುದೂ ಬಹುಪಾಲು ಆತನಿಂದ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ಫ.ಗು. ಹಳಕಟ್ಟಿ ಅಂದರೆ ಗೊತ್ತಾದೀತು. 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದವರು. ವೃತ್ತಿಯಿಂದ ವಕೀಲರು, ಆಗಿನ ಬಿಜಾಪುರದಲ್ಲಿ. ವಚನಗಳ ತಾಳೆಗರಿಗಳು ಆಗ ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟು ಪೂಜೆಗೊಳ್ಳುತ್ತಿದ್ದವು. ವಿಭೂತಿ ಹಚ್ಚುತ್ತಿದ್ದರು, ಬಿಚ್ಚಿ ಓದುತ್ತಿರಲಿಲ್ಲ. ಹಳಕಟ್ಟಿಯವರು ಮನೆ ಮನೆಗೆ ಹೋಗಿ ಬೇಡಿದರು. ಕೆಲವರು ಕೊಟ್ಟರು, ಕೆಲವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಗರಿ ಕೊಡಲೊಲ್ಲೆ ಅಂದವರ ಮನೆಯಲ್ಲೇ ಕೂತು ನಕಲು ಮಾಡಿಕೊಂಡರು. ಇನ್ನೂರಕ್ಕೂ ಹೆಚ್ಚು ವಚನಕಾರರ ಮಾತು ಹೀಗೆ ಬೆಳಕಿಗೆ ಬಂತು.

ಇಲ್ಲಿಯವರೆಗೆ ಮಾಡಿದ್ದರೆ ಅವರು ನನ್ನಂಥ ಇನ್ನೊಬ್ಬ ಸಂಶೋಧಕರಾಗುತ್ತಿದ್ದರು, ಅಷ್ಟೆ. ದೊಡ್ಡಸ್ತಿಕೆ ಇರುವುದು ಮುಂದಿನದರಲ್ಲಿ. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾಯಿತು. ಬೇರೆಯವರ ಮುದ್ರಣಾಲಯ ನಂಬಿ ಕೂತರೆ ಆಗುವ ಕೆಲಸವಲ್ಲ ಇದು ಅಂತ ಅನಿಸಿತು. ಮನೆ ಮಾರಿದರು, ಸ್ವಾಮಿ! ಇದ್ದ ಮನೆ ಮಾರಿ 1925ರಲ್ಲಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ, ಮಾರನೇ ವರ್ಷ 'ನವಕರ್ನಾಟಕ' ವಾರಪತ್ರಿಕೆ. ಅದೇ 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿಯೂ ಬಂತು. ಆದರೆ ಹರಿದ ಕೋಟು ಹರಿದೇ ಇತ್ತು. ಸಿಕ್ಕ ವಚನವನ್ನು ಇಡೀ ಗ್ರಂಥವಾಗಲಿ ಆಮೇಲೆ ನೋಡೋಣ ಅಂತ ಬಚ್ಚಿಡಲಿಲ್ಲ. ಸಿಕ್ಕಿದ್ದನ್ನು ಸಿಕ್ಕ ಹಾಗೆ ಪತ್ರಿಕೆಯಲ್ಲಿ ಹಾಕಿದರು, ಅಂಚೆಯಲ್ಲಿ ಊರೂರಿಗೆ ಕಳಿಸಿದರು. ಆ ಸಂಚಿಕೆ ಹಿಡಿದು ಊರ ಕಟ್ಟೆಯ ಮೇಲೆ ಒಬ್ಬ ಓದಿದರೆ ಇಪ್ಪತ್ತು ಜನ ಕೇಳುತ್ತಿದ್ದ ಕಾಲ ಅದು. ನೀವು ಇವತ್ತು ಪೋಸ್ಟು, ಶೇರು ಅಂತ ಏನು ಕರೆಯುತ್ತೀರೋ ಅದನ್ನು ಅವರು ಮೊಳೆ ಜೋಡಿಸಿ, ಅಂಚೆ ಚೀಟಿ ಅಂಟಿಸಿ, ಸಾಲ ಮಾಡಿ ಮಾಡಿದರು. 1964ರಲ್ಲಿ ತೀರಿಕೊಳ್ಳುವವರೆಗೆ ಅದೇ ಧ್ಯಾನ. ನಿಮಗೆ ತಿಂಗಳಿಗೆ ಮುನ್ನೂರು ರೂಪಾಯಿ ರೀಚಾರ್ಜು. ಮನೆ ಮಾರಬೇಕಾಗಿಲ್ಲ.

ಆ ಬೀಜ ಎಷ್ಟು ದೂರ ಬಂತು ನೋಡಿ. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರವೇ 'ಸಮಗ್ರ ವಚನ ಸಂಪುಟ' ಅಂತ 15 ಸಂಪುಟ ತಂದಿತು. ಆಮೇಲೆ ಓ.ಎಲ್. ನಾಗಭೂಷಣ ಸ್ವಾಮಿ, ವಸುಧೇಂದ್ರ ಅವರಂಥ ಲೇಖಕರು ಮತ್ತು ತಂತ್ರಾಂಶ ಬಲ್ಲ ಕನ್ನಡದ ಹುಡುಗರು ಸೇರಿ 'ವಚನ ಸಂಚಯ' ಅಂತ ಜಾಲತಾಣ ಮಾಡಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನ ಅಲ್ಲಿವೆ. 'ಬೆವರು' ಅಂತಲೋ 'ಕೂಲಿ' ಅಂತಲೋ ಒಂದು ಪದ ಕೊಟ್ಟರೆ ಯಾವ ಯಾವ ವಚನಕಾರರು ಎಲ್ಲೆಲ್ಲಿ ಬಳಸಿದ್ದಾರೆ ಅಂತ ಕ್ಷಣದಲ್ಲಿ ಕಣ್ಣ ಮುಂದೆ ಬರುತ್ತದೆ. ನಾನು ಓದುವ ಕಾಲದಲ್ಲಿ ಒಂದು ಪದದ ಬೆನ್ನು ಹತ್ತಿದರೆ ಒಂದು ಬೇಸಿಗೆ ರಜೆ ಮುಗಿಯುತ್ತಿತ್ತು. ಇದನ್ನು ಮಾಡಿದವರಲ್ಲಿ ನಿಮ್ಮಂತೆ ಹಗಲು ಕಂಪನಿಯಲ್ಲಿ ದುಡಿದು ರಾತ್ರಿ ಕನ್ನಡಕ್ಕೆ ಕೂತವರಿದ್ದರು. ನೆನಪಿರಲಿ.

'ಸಾರ್, ಇದೆಲ್ಲ ಸಾಹಿತ್ಯ, ಊರ ಕಡೆಯ ಮಾತು, ಬೆಂಗಳೂರಲ್ಲಿ ನಾವೇನು ಮಾಡೋಣ' ಅಂತ ಹಿಂದಿನ ಸಾಲಿನವರು ಗುಸುಗುಸು ಮಾಡುತ್ತಿದ್ದೀರಿ. ನಿಮ್ಮ ಬೆಂಗಳೂರಿನ ಮಾತೇ ಹೇಳುತ್ತೇನೆ. 1905ರಲ್ಲಿ ರೈಸ್ ಸಾಹೇಬರು ಬೆಂಗಳೂರು ಜಿಲ್ಲೆಯ ಶಾಸನಗಳ ದಪ್ಪ ಸಂಪುಟ ತಂದರು. ಗ್ರಂಥಾಲಯದಲ್ಲಿ ಸಂಪುಟ ಭದ್ರವಾಗಿತ್ತು. ಊರು ಬೆಳೆಯುತ್ತ ಹೋದ ಹಾಗೆ ಕಲ್ಲುಗಳು ಒಂದೊಂದೇ ಮಾಯವಾದವು. ಲೇಔಟಿನ ಕೆಳಗೆ ಹೋದವು, ಪಾಯಕ್ಕೆ ಹೋದವು. ಆಗ ಕೆಲವು ಜನ, ಶಾಸನ ಓದುವುದು ಅವರ ಹೊಟ್ಟೆಪಾಡಲ್ಲ, ಎಂಜಿನಿಯರುಗಳೂ ಇದ್ದರು, 'ಬೆಂಗಳೂರಿನ ಶಾಸನ ಕಲ್ಲುಗಳು' ಅಂತ ಫೇಸ್‌ಬುಕ್ಕಿನಲ್ಲಿ ಒಂದು ಗುಂಪು ಕಟ್ಟಿಕೊಂಡು ಆ ಹಳೇ ಸಂಪುಟ ಹಿಡಿದು ಗಲ್ಲಿ ಗಲ್ಲಿ ಹುಡುಕತೊಡಗಿದರು. ಸಿಕ್ಕಿದ್ದರ ಫೋಟೋ ಹಾಕಿದರು, ಅದರಲ್ಲಿ ಏನಿದೆ ಅಂತ ಬರೆದರು. 'ನಮ್ಮ ಬೀದಿಯಲ್ಲೂ ಇಂಥದ್ದೊಂದಿದೆ' ಅಂತ ಜನ ಹೇಳತೊಡಗಿದರು.

2018ರಲ್ಲಿ ಹೆಬ್ಬಾಳದಲ್ಲಿ ಮಣ್ಣು ಅಗೆಯುವಾಗ ಒಂದು ಕಲ್ಲು ಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಕಿತ್ತಯ್ಯ ಎಂಬ ವೀರ ಹೋರಾಡಿ ಸತ್ತ ಸಂಗತಿ ಕನ್ನಡದಲ್ಲಿ ಅದರ ಮೇಲಿದೆ. ಬೆಂಗಳೂರಿನಲ್ಲಿ ಕನ್ನಡ ಎಲ್ಲಿಂದ ಬಂತು ಅಂತ ಕೇಳುವವರಿಗೆ ಇದಕ್ಕಿಂತ ಉತ್ತರ ಬೇಕೆ? ಹತ್ತು ವರ್ಷ ಮುಂಚೆ ಸಿಕ್ಕಿದ್ದರೆ ಅದೂ ಚರಂಡಿ ಸೇರುತ್ತಿತ್ತು, ನನ್ನ ಕಲ್ಲಿನ ಹಾಗೆ. ಈ ಸಲ ಹಾಗಾಗಲಿಲ್ಲ. ಸುದ್ದಿ ಹಬ್ಬಿತ್ತು, ಇದು ಏನು ಅಂತ ಹೇಳಬಲ್ಲವರು ಒಂದು ಮೆಸೇಜಿನ ದೂರದಲ್ಲಿದ್ದರು. ಸ್ಥಳೀಯರೇ ಮುಂದೆ ಬಂದು ಅದಕ್ಕೆ ಮಂಟಪ ಕಟ್ಟಿದರು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ಹಿಡಿಯಿತು. ಕಣ್ಣಿಗೆ ಕಾಣದ ಸವೆದ ಅಕ್ಷರವೂ ಅದರಲ್ಲಿ ಕಾಣುತ್ತದೆ. ಇಲ್ಲಿ ಗೋಡೆ ಕಟ್ಟಿ ಐಕ್ಯ ಮಂಟಪ ಉಳಿಸಿದ ಹಾಗೆ ಅಲ್ಲಿ ಮೊಬೈಲು ಒಂದು ಕಲ್ಲು ಉಳಿಸಿತು.

ಹೊರದೇಶಗಳಲ್ಲಿ 2010ರಿಂದೀಚೆಗೆ 'ಆಲ್ಟ್‌ಮೆಟ್ರಿಕ್ಸ್' ಅಂತ ಒಂದು ಲೆಕ್ಕ ಶುರುವಾಗಿದೆ. ಒಂದು ಸಂಶೋಧನಾ ಲೇಖನವನ್ನು ಪಂಡಿತರು ಎಷ್ಟು ಸಲ ಉಲ್ಲೇಖಿಸಿದರು ಅಂತ ಮಾತ್ರ ನೋಡದೆ, ಜಾಲತಾಣದಲ್ಲಿ ಎಷ್ಟು ಜನ ಮಾತಾಡಿದರು, ಪತ್ರಿಕೆಗಳು ಬರೆದವಾ, ವಿಕಿಪೀಡಿಯಾ ಎತ್ತಿಕೊಂಡಿತಾ ಅಂತಲೂ ಎಣಿಸುತ್ತಾರೆ. ಎಣಿಸಲಿ. ಆದರೆ ನೀವು ಆ ಎಣಿಕೆಯ ಹಿಂದೆ ಬೀಳಬೇಡಿ. ಲೈಕುಗಳಿಂದ ಸಂಶೋಧನೆ ಸತ್ಯವಾಗುವುದಿಲ್ಲ, ಸುಳ್ಳಿಗೆ ಇನ್ನೂ ಜಾಸ್ತಿ ಲೈಕು ಬರುತ್ತದೆ. ನನಗೆ ಬೇಕಾದ ಲೆಕ್ಕ ಒಂದೇ: ಕಲ್ಲಿನ ಊರಿನ ಜನಕ್ಕೆ ಗೊತ್ತಾಯಿತೋ ಇಲ್ಲವೋ.

ಈಗ ಕೆಲಸದ ಮಾತಿಗೆ ಬರುತ್ತೇನೆ. ಕನ್ನಡದ ಸಂಶೋಧನೆ ಜಾಲದಲ್ಲಿ ಇಲ್ಲವೇ ಇಲ್ಲ ಅಂತಲ್ಲ. 2009ರ ಯುಜಿಸಿ ನಿಯಮದ ಮೇಲೆ ಪ್ರಬಂಧಗಳನ್ನು ಗಣಕ ರೂಪದಲ್ಲೂ ಒಪ್ಪಿಸಬೇಕಾಯಿತು. 'ಶೋಧಗಂಗಾ'ದಲ್ಲಿ ಕನ್ನಡದ ಪ್ರಬಂಧಗಳೂ ಇವೆ. ಆದರೆ ಹುಡುಕಿದರೆ ಸಿಗುವುದಿಲ್ಲ! ಯಾಕೆ ಗೊತ್ತಾ? ಬಹಳಷ್ಟು ಪ್ರಬಂಧಗಳನ್ನು ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ್ದಾರೆ. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ನಕಲು ಮಾಡಿ ಬೇರೆ ಕಡೆ ಹಾಕಿ ನೋಡಿ, ಅರ್ಥವಿಲ್ಲದ ಗುರುತುಗಳು ಉದುರುತ್ತವೆ. ಇನ್ನು ಕೆಲವು ಬರೀ ಪುಟದ ಫೋಟೋ. ಗೂಗಲ್ಲಿಗೆ 'ಹುನಗುಂದ ಕೆರೆ ಶಾಸನ' ಅಂತ ಕೊಟ್ಟರೆ ಅದು ಎಲ್ಲಿಂದ ಹುಡುಕಿ ಕೊಡಬೇಕು? ಬೀಗ ಹಾಕದ ಕಪಾಟು, ಆದರೆ ಒಳಗೆ ಕತ್ತಲೆ. ನುಡಿಯೂ ಬರಹವೂ ಯೂನಿಕೋಡಿಗೆ ಬಂದು ಎಷ್ಟೋ ವರ್ಷವಾಯಿತು. ನಮ್ಮ ಡಿಟಿಪಿ ಅಂಗಡಿಗಳ ಕೈ ಮಾತ್ರ ಹಳೆಯದರಲ್ಲೇ ಓಡುತ್ತದೆ.

ಇಲ್ಲಿ ನೀವು ಬೇಕು. ನಿಮ್ಮಲ್ಲಿ ಅರ್ಧ ಜನ ಕಂಪ್ಯೂಟರಿನವರು. ಒಬ್ಬೊಬ್ಬರು ಒಂದೊಂದು ಪ್ರಬಂಧ ಹಿಡಿಯಿರಿ. ನಿಮ್ಮ ಊರಿನದೋ, ನಿಮ್ಮ ತಾಯಿಯ ತವರಿನದೋ ಆದರೆ ಇನ್ನೂ ಒಳ್ಳೆಯದು. ಬರೆದವರ ಫೋನ್ ನಂಬರ್ ಹುಡುಕಿ ಮಾತಾಡಿ. ನಿವೃತ್ತರಾದ ಮೇಷ್ಟರಿಗೆ ನಿಮ್ಮ ಪ್ರಬಂಧ ಓದಿದೆ ಅಂತ ಒಬ್ಬ ಹುಡುಗ ಫೋನ್ ಮಾಡಿದರೆ ಆ ರಾತ್ರಿ ಅವರು ಊಟ ಬಿಟ್ಟು ಮಾತಾಡುತ್ತಾರೆ, ನನ್ನ ಮೇಲೆ ಆಣೆ. ಅವರ ಒಪ್ಪಿಗೆ ಪಡೆದು ಕಡತವನ್ನು ಯೂನಿಕೋಡಿಗೆ ತಿರುಗಿಸಿ. ಇಡೀ ನಾನೂರು ಪುಟ ಬೇಡ. ಹೊಸದಾಗಿ ಕಂಡುಹಿಡಿದದ್ದು ಏನು ಅನ್ನುವುದನ್ನು ಒಂದು ಪುಟದಲ್ಲಿ, ನಿಮ್ಮ ಅವ್ವನಿಗೆ ತಿಳಿಯುವ ಕನ್ನಡದಲ್ಲಿ ಬರೆಯಿರಿ. ಯಾರ ಪ್ರಬಂಧ, ಯಾವ ವರ್ಷ, ಎಷ್ಟನೇ ಪುಟ ಅಂತ ಕೆಳಗೆ ಹಾಕಿ. ಮೂಲಕ್ಕೆ ಕೊಂಡಿ ಕೊಡಿ. ಪತ್ರಿಕೆಗೆ ಹಕ್ಕು ಬರೆದುಕೊಟ್ಟ ಲೇಖನವಾದರೆ ಇಡೀ ಲೇಖನ ಏರಿಸಬೇಡಿ, ಸಾರಾಂಶ ಸಾಕು. ಸಂಸ್ಥೆಗಳು ಮನಸ್ಸು ಮಾಡಿದರೆ ಹಕ್ಕಿನ ತೊಡಕೂ ಬಿಡಿಸಬಹುದು: ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಯಾರು ಬೇಕಾದರೂ ಬಳಸುವಂಥ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಾಕ್ಕೆ ಅದರಿಂದ ದೊಡ್ಡ ಬಲ ಬಂತು. ಉಳಿದ ವಿಶ್ವವಿದ್ಯಾಲಯಗಳ ಬಾಗಿಲು ನೀವು ತಟ್ಟಿ. ಬೋರ್ಡಿಗೆ ಮಸಿ ಬಳಿಯುವುದಕ್ಕಿಂತ ಇದು ಕಷ್ಟದ ಕೆಲಸ, ಹೇಳಿಬಿಡುತ್ತೇನೆ.

'ಹೀಗೆ ಹಾಕಿದರೆ ನನ್ನ ಸಂಶೋಧನೆ ಕದಿಯುತ್ತಾರೆ' ಅಂತ ಸಂಶೋಧಕರು ಹೆದರುತ್ತಾರೆ. ಕಪಾಟಿನಲ್ಲಿದ್ದಾಗಲೂ ಕದಿಯುತ್ತಿದ್ದರು, ಆಗ ಗೊತ್ತಾಗುತ್ತಿರಲಿಲ್ಲ ಅಷ್ಟೆ. ತಾರೀಖು ಹಾಕಿ ಹತ್ತು ಸಾವಿರ ಜನರ ಮುಂದೆ ಹೇಳಿದ್ದನ್ನು ಕದಿಯುವುದೇ ಕಷ್ಟ.

ಇನ್ನೊಂದು ಲಾಭವಿದೆ, ಅದು ನನಗೆ ತಡವಾಗಿ ತಿಳಿಯಿತು. ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಇಳಕಲ್ಲ ಸೀರೆಯ ನೇಕಾರರ ಪದಗಳ ಮೇಲೆ ಕೆಲಸ ಮಾಡುತ್ತಿದ್ದಳು. ಗೋಮಿ, ಗಾಡಿ, ಚಿಕ್ಕಿಪಾರಸ ಅಂತ ದಡಿಯ ಹೆಸರುಗಳು, ಹಾಸು, ಹೊಕ್ಕು, ಕುಣಿಮಗ್ಗ ಹೀಗೆ. ದಿನಕ್ಕೊಂದು ಪದದ ಬಗ್ಗೆ ಒಂದು ನಿಮಿಷದ ವಿಡಿಯೋ ಹಾಕತೊಡಗಿದಳು. ಒಂದು ದಿನ 'ಕೊಂಡಿ' ಅಂದರೆ ಸೆರಗಿನ ಒಂದು ಚಿತ್ತಾರ ಅಂತ ಹೇಳಿಬಿಟ್ಟಳು. ಪುಸ್ತಕವೊಂದರಲ್ಲಿ ಹಾಗೇ ಓದಿದ್ದಳಂತೆ. ಅರ್ಧ ಗಂಟೆಯೊಳಗೆ ನೇಕಾರರ ಮನೆಯ ಹೆಣ್ಣುಮಗಳೊಬ್ಬಳ ಧ್ವನಿ ಬಂತು ವಾಟ್ಸಾಪಿನಲ್ಲಿ: "ಯವ್ವಾ, ಕೊಂಡಿ ಅಂದ್ರ ಚಿತ್ತಾರ ಅಲ್ಲ. ಮೈ ಹಾಸಿಗಿ ಸೆರಗಿನ ಹಾಸು ಜೋಡಿಸ್ತೀವಲ್ಲ, ಎಳಿಗೆ ಎಳಿ, ಅದು ಕೊಂಡಿ. ಕೊಂಡಿ ಇಲ್ಲಂದ್ರ ಅದು ಇಳಕಲ್ಲ ಸೀರಿನೇ ಅಲ್ಲ." ಪ್ರಬಂಧ ಒಪ್ಪಿಸುವ ಮೊದಲೇ ತಪ್ಪು ತಿದ್ದಿತು. ಮೂವರು ಪರೀಕ್ಷಕರು ಓದಿದ್ದರೂ ಹಿಡಿಯಲಾರದ ತಪ್ಪು ಅದು, ಅವರು ಯಾರೂ ಮಗ್ಗದಲ್ಲಿ ಕೂತವರಲ್ಲ. ಸೀರೆ ಉಟ್ಟ ಗೆಳತಿಯರು ಇಲ್ಲಿ ನಗುತ್ತಿದ್ದೀರಿ. ನಿಮಗೆ ಗೊತ್ತಿತ್ತೋ ಇಲ್ಲವೋ?

ಇಷ್ಟು ಹೇಳಿದ ಮೇಲೆ ಕೆಲವು ಕಡೆ ಕೈ ಹಿಡಿದು ನಿಲ್ಲಿಸಲೂ ಬೇಕು. ಬಸವ ಜಯಂತಿ ಬಂತೆಂದರೆ ವಾಟ್ಸಾಪಿನಲ್ಲಿ ಬಸವಣ್ಣನವರ ಹೆಸರಿನಲ್ಲಿ ಹರಿದಾಡುವ ಮಾತುಗಳಲ್ಲಿ ಬಸವಣ್ಣನವರು ಎಂದೂ ಹೇಳದವು ಎಷ್ಟೋ ಇರುತ್ತವೆ. ಯಾರೋ ಕೂತು ಹೊಸೆದದ್ದು, ಕೆಳಗೆ ಕೂಡಲಸಂಗಮದೇವ ಅಂತ ಅಂಟಿಸಿದ್ದು. ಗುಹೇಶ್ವರ ಅಂತಿದ್ದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂತಿದ್ದರೆ ಅಕ್ಕ ಅನ್ನುವಷ್ಟೂ ತಿಳಿಯದವರು ಅದನ್ನು ನೂರು ಜನಕ್ಕೆ ದಾಟಿಸುತ್ತಾರೆ. ಅಂಕಿತವೆಂದರೆ ವಚನಕಾರರ ರುಜು. ಅದು ಎಷ್ಟು ಗಂಭೀರ ವಿಷಯ ಅಂದರೆ, 'ವಚನ ದೀಪ್ತಿ' ಎಂಬ ಪುಸ್ತಕದಲ್ಲಿ ಬಸವಣ್ಣನವರ ಅಂಕಿತ ಬದಲಾಯಿತು ಅಂತ ಗದ್ದಲವೆದ್ದು 1998ರಲ್ಲಿ ಸರ್ಕಾರ ಪುಸ್ತಕ ಮುಟ್ಟುಗೋಲು ಹಾಕಿತು. ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಗಿ ಮುಗಿದದ್ದು 2017ರಲ್ಲಿ. ಒಂದು ಪದಕ್ಕೆ ಹತ್ತೊಂಬತ್ತು ವರ್ಷ! ಕಳಿಸುವ ಮೊದಲು ವಚನ ಸಂಚಯದಲ್ಲಿ ಒಂದು ಸಲ ಹುಡುಕಿ. ಸಿಕ್ಕದಿದ್ದರೆ ನಿಮ್ಮ ಫೋನಿನಲ್ಲೇ ಅದರ ಪ್ರಯಾಣ ಮುಗಿಯಲಿ.

ಕಲ್ಲಿನ ಫೋಟೋ ಹಾಕುವಾಗ ಇನ್ನೂ ಎಚ್ಚರ ಬೇಕು. ಕಾವಲಿಲ್ಲದ ಕಲ್ಲು, ಕಾಡಿನ ಗುಡಿ ಇದ್ದರೆ ನಕಾಶೆಯ ಗುರುತನ್ನು ಹಾಕಲೇಬೇಡಿ. ನಿಧಿಗಳ್ಳರಿಗೂ ಫೇಸ್‌ಬುಕ್ ಬರುತ್ತದೆ. ನಂದಿಯ ಹೊಟ್ಟೆಯಲ್ಲಿ ಬಂಗಾರವಿದೆ ಅಂತ ಹೊಡೆದ ನಂದಿಗಳನ್ನು ನಾನೇ ಎಷ್ಟೋ ನೋಡಿದ್ದೇನೆ. ಮೊದಲು ಊರಿನ ಹಿರಿಯರಿಗೆ, ಪಂಚಾಯಿತಿಗೆ ಹೇಳಿ, ಪುರಾತತ್ವ ಇಲಾಖೆಗೆ ಬರೆಯಿರಿ. ಊರ ಜನಕ್ಕೆ ಅದರಲ್ಲಿ ಏನಿದೆ ಅಂತ ಓದಿ ಹೇಳಿ. ಕಾವಲುಗಾರ ಅವರೇ, ಇಲಾಖೆಯ ಬೋರ್ಡಲ್ಲ.

ಬಹಿರಂಗಕ್ಕೆ ಬಂದ ಸಂಶೋಧನೆಗೆ ಅಪಾಯವಿಲ್ಲವೇ ಅಂತ ಕೇಳಿದರೆ, ಇದೆ. ಕಲಬುರ್ಗಿಯವರ ಹೆಸರು ಹೇಳಿದೆನಲ್ಲ. 'ಮಾರ್ಗ'ದ ಮೊದಲ ಸಂಪುಟದ ಬರಹಗಳ ಮೇಲೆ ಗದ್ದಲವೆದ್ದು 1989ರಲ್ಲಿ ಅವರು ಬರೆದದ್ದನ್ನು ಹಿಂತೆಗೆದುಕೊಳ್ಳಬೇಕಾಯಿತು. ಕೂಗಾಡಿದವರಲ್ಲಿ ಎಷ್ಟು ಜನ ಆ ಪುಟ ಓದಿದ್ದರು? 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಆ ದ್ವೇಷ ಇವತ್ತು ಒಂದು ಬೆರಳಿನ ಒತ್ತಿನಲ್ಲಿ ಸಾವಿರ ಮನೆಗೆ ಹೋಗುತ್ತದೆ. ಸಂಶೋಧಕನೊಬ್ಬನ ಮೇಲೆ ಬೈಗುಳದ ಮಳೆ ಸುರಿಯುವಾಗ ನೀವು ಅವನ ಮಾತು ಒಪ್ಪಬೇಕಾಗಿಲ್ಲ. ಮೂಲ ಪುಟ ತೆಗೆದು, ಅವನು ನಿಜವಾಗಿ ಬರೆದದ್ದು ಇದು ಅಂತ ಮುಂದೆ ಇಡಿ. ತಪ್ಪಿದ್ದರೆ ಆಧಾರ ಕೊಟ್ಟು ತಪ್ಪು ಅನ್ನಿ. ಅಷ್ಟು ಮಾಡುವ ನೂರು ಹುಡುಗರು ಪ್ರತಿ ಊರಿನಲ್ಲಿದ್ದರೆ ಎಷ್ಟೋ ವ್ಯತ್ಯಾಸವಾದೀತು.

ಕೊನೆಗೆ ಆ ಚರಂಡಿಯ ಚಪ್ಪಡಿಯ ಮಾತು. ಆರು ವರ್ಷದ ಹಿಂದೆ ನನ್ನ ಮೊಮ್ಮಗಳು ನನ್ನ ಹಳೇ ಪಡಿಯಚ್ಚಿನ ಫೋಟೋ ತೆಗೆದು, ನಾನು ಹೇಳಿದ್ದನ್ನು ಟೈಪು ಮಾಡಿ ಆ ಊರಿನ ವಾಟ್ಸಾಪ್ ಗುಂಪಿಗೆ ಹಾಕಿಸಿದಳು. ಕಲ್ಲು ಹೋಯಿತು, ಅದರ ಮಾತಾದರೂ ಇದೆ ಅಂತ. ಎರಡು ದಿನ ಯಾರೂ ಉಸಿರೆತ್ತಲಿಲ್ಲ. ಮೂರನೇ ದಿನ ಬೆಂಗಳೂರಿನಲ್ಲಿ ಟ್ಯಾಕ್ಸಿ ಓಡಿಸುವ ಆ ಊರಿನ ಹುಡುಗ ಫೋನ್ ಮಾಡಿದ. "ಸರ, ನಮ್ಮ ಹೊಲದ ಬದುವಿನಾಗ ಇಂಥಾದ್ದೇ ಇನ್ನೊಂದು ಕಲ್ಲೈತ್ರಿ. ನಮ್ಮಪ್ಪ ಅದಕ್ಕ ಎಮ್ಮಿ ಕಟ್ತಾನ. ಬಂದು ಓದ್ತೀರೇನ್ರಿ?" ಹೋಗಿ ಓದಿದೆ. ಎಮ್ಮೆಯನ್ನು ಬೇರೆ ಗೂಟಕ್ಕೆ ಕಟ್ಟಿದ್ದಾರೆ ಈಗ.

ಅದರ ಕೆಳಗಿನ ಐದು ಸಾಲು ನನ್ನ ಮಂದ ಕಣ್ಣಿಗೆ ಇನ್ನೂ ದಕ್ಕಿಲ್ಲ. ನಾಳೆ ಐಹೊಳೆಗೆ ಹೋಗುವ ಮುಂಚೆ ಆ ಹೊಲದಲ್ಲಿ ಇಳಿಯೋಣ. ಬಸ್ಸು ಬೆಳಿಗ್ಗೆ ಐದೂವರೆಗೆ ಬಿಡುತ್ತದೆ, ಎಳೆಬಿಸಿಲು ಓರೆಯಾಗಿ ಬೀಳುವಾಗ ಅಕ್ಷರ ಎದ್ದು ಕಾಣುತ್ತದೆ. ಇದ್ದವರು ಟಾರ್ಚು ತನ್ನಿ. ಸೀಮೆಸುಣ್ಣ, ಹಿಟ್ಟು, ಅರಿಶಿನ ಯಾರೂ ತರಬೇಡಿ, ಕಲ್ಲಿಗೆ ಏನೂ ಬಳಿಯುವಂತಿಲ್ಲ. ಆ ಹುಡುಗನ ಅಪ್ಪ ಎಲ್ಲರಿಗೂ ಚಹಾ ಮಾಡಿಸುತ್ತೇನೆ ಅಂದಿದ್ದಾರೆ. ಓದಿದ್ದನ್ನು ಮೊದಲು ಅವರಿಗೆ ಹೇಳಿ, ಆಮೇಲೆ ಫೇಸ್‌ಬುಕ್ಕಿಗೆ.